ಬಾಣಂತಿಯ ಮನಸ್ಸನ್ನು ಯಾರು ವಿಚಾರಿಸುತ್ತಾರೆ?

ಮಗು ಹುಟ್ಟಿದ ಮನೆಗೆ ನೀವು ಹೋಗುತ್ತೀರಿ. ಮೊದಲು ಮಗುವನ್ನು ಎತ್ತಿಕೊಳ್ಳುತ್ತೀರಿ. ತೂಕವೆಷ್ಟು, ಯಾರ ಹಾಗಿದೆ, ಅಕೀಕಾ ಯಾವಾಗ ಎಂದೆಲ್ಲ ವಿಚಾರಿಸುತ್ತೀರಿ. ತಾಯಿಯೊಡನೆ “ಹಾಲು ಸಾಕಾಗುತ್ತದಾ?” ಎಂದು ಒಂದು ಮಾತು ಕೇಳುತ್ತೀರಿ. “ನಿನ್ನ ಮನಸ್ಸು ಹೇಗಿದೆ ಮಗಳೇ?” ಎಂದು ಎಂದಾದರೂ ಕೇಳಿದ್ದೀರಾ?

ಹೆರಿಗೆಯಾದ ಮೊದಲ ದಿನಗಳಲ್ಲಿ ಅನೇಕರಿಗೆ ಕಾರಣವಿಲ್ಲದೆ ಅಳು ಬರುವುದುಂಟು. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ತಾನಾಗಿಯೇ ಕಡಿಮೆಯಾಗುತ್ತದೆ. ಆದರೆ ಕೆಲವರಲ್ಲಿ ಹಾಗಾಗುವುದಿಲ್ಲ. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಊಟ ಬೇಡ, ಮಾತು ಬೇಡ. ‘ನಾನು ಕೆಟ್ಟ ತಾಯಿ’ ಎಂಬ ಕೊರಗು. ವೈದ್ಯರು ಇದನ್ನು ಖಿನ್ನತೆ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಹೆಸರುಗಳಿವೆ: ಸೋಮಾರಿತನ, ನಾಟಕ, ದೃಷ್ಟಿ, ಜಿನ್ನ್‌ನ ಉಪದ್ರವ, ಈಮಾನಿನ ಕೊರತೆ.

ಇದು ಅಪರೂಪದ ಕಾಯಿಲೆಯಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಐವರು ಬಾಣಂತಿಯರಲ್ಲಿ ಒಬ್ಬಳಿಗಾದರೂ ಈ ಕಷ್ಟವಿದೆ.

ಗೋವಾದಲ್ಲಿ ಕಂಡದ್ದು

ಎಲ್ಲ ತಾಯಂದಿರಿಗೂ ಇದು ಒಂದೇ ರೀತಿ ಬರುತ್ತದೆಯೇ? ಇಲ್ಲ. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ಜಿಲ್ಲಾ ಆಸ್ಪತ್ರೆಯೊಂದರ ಗರ್ಭಿಣಿಯರನ್ನು ಹೆರಿಗೆಯ ನಂತರವೂ ಭೇಟಿಯಾಗಿ ವಿಚಾರಿಸಿದರು. ಅದರ ವರದಿ 2002ರಲ್ಲಿ ಪ್ರಕಟವಾಯಿತು. ಆರರಿಂದ ಎಂಟು ವಾರಗಳಲ್ಲಿ ಶೇ. 23 ತಾಯಂದಿರಲ್ಲಿ ಖಿನ್ನತೆಯಿತ್ತು. ಆರು ತಿಂಗಳಾದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಣವಾಗಿರಲಿಲ್ಲ.

ಕಾರಣಗಳನ್ನು ನೋಡಿದರೆ ನಾವು ತಲೆತಗ್ಗಿಸಬೇಕಾಗುತ್ತದೆ. ಬಡತನ, ಹಸಿವು, ಗಂಡನೊಂದಿಗೆ ಹೊಂದಾಣಿಕೆಯಿಲ್ಲದಿರುವುದು, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣು ಎಂಬುದು! ಹೆಣ್ಣು ಹುಟ್ಟಿದ ಸುದ್ದಿಗೆ ಮುಖ ಕಪ್ಪಿಡುವವರನ್ನು ಪವಿತ್ರ ಕುರ್‌ಆನ್ ಖಂಡಿಸಿದೆ. ಹಾಗಿದ್ದೂ ಮೂರನೆಯದೂ ಹೆಣ್ಣಾದಾಗ ನಮ್ಮ ಮನೆಗಳು ಮೌನವಾಗುವುದಿಲ್ಲವೇ? ಆ ಮೌನವನ್ನು ಬಾಣಂತಿ ಕೇಳಿಸಿಕೊಳ್ಳುತ್ತಾಳೆ. ಹೀಗಿರುವಾಗ ಅವಳ ಈಮಾನನ್ನು ತೂಗುವ ಹಕ್ಕು ನಮಗೆಲ್ಲಿದೆ?

ರಾವಲ್ಪಿಂಡಿಯ ಹಳ್ಳಿಗಳಲ್ಲಿ

ಬಡವರ ಮನೆಗೆ ಮನೋವೈದ್ಯರು ಬರುವುದುಂಟೇ? ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರಹ್ಮಾನ್ ಮತ್ತು ಸಂಗಡಿಗರು ಬೇರೆ ದಾರಿ ಹುಡುಕಿದರು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ಅವರಿಗೆ ತಾಳ್ಮೆಯಿಂದ ಆಲಿಸಲು, ಹತಾಶ ಯೋಚನೆಗಳನ್ನು ತಾಯಿಯೇ ಗುರುತಿಸಿ ಬದಲಾಯಿಸುವಂತೆ ಮಾಡಲು, ಮನೆಯವರನ್ನು ನೆರವಿಗೆ ಕರೆತರಲು ತರಬೇತಿ ಕೊಡಲಾಯಿತು. ಗರ್ಭದ ಕೊನೆಯ ತಿಂಗಳಿನಿಂದ ಅವರು ಒಟ್ಟು ಹದಿನಾರು ಬಾರಿ ಮನೆಗೆ ಹೋದರು.

2008ರಲ್ಲಿ ಪ್ರಕಟವಾದ ಫಲಿತಾಂಶ ಇದು: ಖಿನ್ನತೆಯಲ್ಲಿದ್ದ 903 ಗರ್ಭಿಣಿಯರನ್ನು ಎರಡು ಗುಂಪು ಮಾಡಲಾಗಿತ್ತು. ಹೆರಿಗೆಯಾಗಿ ಆರು ತಿಂಗಳಾದಾಗ ತರಬೇತಿ ಪಡೆದವರು ಭೇಟಿಯಾದ ಗುಂಪಿನಲ್ಲಿ ಶೇ. 23 ತಾಯಂದಿರಲ್ಲಿ ಮಾತ್ರ ಖಿನ್ನತೆ ಉಳಿದಿತ್ತು. ಇನ್ನೊಂದು ಗುಂಪಿನಲ್ಲಿ ಶೇ. 53. ಗಮನಿಸಿ, ಆ ಗುಂಪಿನ ಮನೆಗಳಿಗೂ ಕಾರ್ಯಕರ್ತೆಯರು ಅಷ್ಟೇ ಬಾರಿ ಹೋಗಿದ್ದರು. ಕೊರತೆಯಿದ್ದದ್ದು ಆ ತರಬೇತಿ ಮಾತ್ರ. ಅಂದರೆ ಬಂದು ಹೋದರೆ ಸಾಲದು, ಆಲಿಸುವುದನ್ನು ಕಲಿಯಬೇಕು. ತಾಯಿ ಚೇತರಿಸಿದಾಗ ಮಕ್ಕಳಿಗೂ ಒಳಿತಾಯಿತು. ಭೇದಿ ಕಡಿಮೆಯಾಯಿತು, ಚುಚ್ಚುಮದ್ದು ಹೆಚ್ಚು ಮಕ್ಕಳಿಗೆ ಸಿಕ್ಕಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಕೈಪಿಡಿಯಾಗಿ ಹೊರತಂದಿತು.

ನಾವೇನು ಮಾಡಬಹುದು?

ಮದ್ರಸದಲ್ಲಿ ಸೂರಃ ಮರ್ಯಮ್ ಪಾಠ ಮಾಡುವಾಗ ಒಂದು ಕಡೆ ನಾನು ತುಸು ನಿಲ್ಲುತ್ತೇನೆ. ಹೆರಿಗೆ ನೋವಿನಲ್ಲಿ ಮರ್ಯಮ್(ಅ), ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಹಲುಬಿದರು. ಅವರನ್ನು ಯಾರೂ ಗದರಿಸಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು. ಕೆಳಗೆ ಹರಿಯುವ ನೀರು, ಮೇಲೆ ಹಣ್ಣಾದ ಖರ್ಜೂರ ದೊರೆಯಿತು. ನಮ್ಮ ಬಾಣಂತಿಗೂ ಬೇಕಾಗಿರುವುದು ಇದೇ ಅಲ್ಲವೇ?

ಆದ್ದರಿಂದ ಸಹೋದರಿಯರೇ, ರಾತ್ರಿ ಸ್ವಲ್ಪ ಹೊತ್ತು ಮಗುವನ್ನು ನೀವು ನೋಡಿಕೊಳ್ಳಿ, ಅವಳು ಮಲಗಲಿ. ಗಂಡನೂ ಅವಳ ಬಳಿ ಕುಳಿತು ಮಾತಾಡಲಿ. ಎರಡು ವಾರ ಕಳೆದರೂ ದುಃಖ ಇಳಿಯದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಲೂಡಿಸುವ ತಾಯಂದಿರೂ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದಾದ ಮದ್ದುಗಳಿವೆ. ದುಆ ಮಾಡಿ, ಚಿಕಿತ್ಸೆಯನ್ನೂ ಕೊಡಿಸಿ. ನಿದ್ದೆಯೇ ಇಲ್ಲದೆ ಅಸಂಬದ್ಧವಾಗಿ ಮಾತಾಡಿದರೆ, ಇಲ್ಲದ ಧ್ವನಿ ಕೇಳಿಸುತ್ತದೆಂದರೆ ಅಥವಾ ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. ದೂರ ಹೋಗಲಾಗದವರು ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಬಾರಿ ಬಾಣಂತಿಯನ್ನು ನೋಡಲು ಹೋದಾಗ ಮಗುವನ್ನು ಆಮೇಲೆ ಎತ್ತಿಕೊಳ್ಳಿ. ಮೊದಲು ಅವಳ ಪಕ್ಕದಲ್ಲಿ ಕುಳಿತು, ಅವಳು ಹೇಗಿದ್ದಾಳೆಂದು ಕೇಳಿ. ಉತ್ತರ ಬರುವವರೆಗೆ ಎದ್ದು ಹೋಗಬೇಡಿ.