ನುಂಗಿದ ಪೇಸ್ಟು ಯಾವುದೆಂದು ಮೊದಲು ನೋಡಿ

ಉಗುಳುವ ರೂಢಿ ಇನ್ನೂ ಬಾರದ ಕೂಸು ಹಲ್ಲುಜ್ಜುವಾಗ ಪೇಸ್ಟನ್ನು ನುಂಗಿಬಿಡುವುದು ಜತ್ತ ತಾಲೂಕಿನ ಮನೆಗಳಲ್ಲಿಯೂ ನಿತ್ಯದ ಸಂಗತಿ. ಹಣ್ಣಿನ ಸವಿಯ ಪೇಸ್ಟಾದರಂತೂ ಮಕ್ಕಳು ಅದನ್ನು ತಿನಿಸೆಂದೇ ತಿಳಿಯುತ್ತಾರೆ. ಆಗ ಮನೆಯವರಲ್ಲಿ ಒಬ್ಬರು ಗಾಬರಿಯಾಗಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಮುಂದಾಗುತ್ತಾರೆ. ಇನ್ನೊಬ್ಬರು ಏನೂ ಆಗದೆಂದು ಸುಮ್ಮನಿರುತ್ತಾರೆ. ಸರಿಯಾದ ಉತ್ತರ ಎಷ್ಟು ನುಂಗಿದೆ, ಯಾವುದನ್ನು ನುಂಗಿದೆ ಎಂಬ ಎರಡು ಪ್ರಶ್ನೆಗಳಲ್ಲಿದೆ.

ಪೇಸ್ಟಿನಲ್ಲಿ ಯೋಚಿಸಬೇಕಾದ ಮುಖ್ಯ ದ್ರವ್ಯ ಫ್ಲೋರೈಡ್. ನಮ್ಮ ದೇಶದ ಕಾನೂನಿನಂತೆ ಪೇಸ್ಟಿನಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ 1000 ಭಾಗವನ್ನು ಮೀರುವಂತಿಲ್ಲ. ಆ ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸುವುದೂ ಕಡ್ಡಾಯ. ಅಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಹೆಚ್ಚೆಂದರೆ ಒಂದು ಮಿಲಿಗ್ರಾಂ ಫ್ಲೋರೈಡ್. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ ತೂಗುತ್ತದೆ. ದೇಹದ ಪ್ರತಿ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಫ್ಲೋರೈಡ್ ಹೊಟ್ಟೆ ಸೇರಿದರೆ ಅದನ್ನು ವಿಷಪ್ರಮಾಣವೆಂದು ಬಗೆದು ಕೂಡಲೇ ದವಾಖಾನೆಗೆ ಒಯ್ಯಬೇಕೆಂಬುದು ವೈದ್ಯಶಾಸ್ತ್ರದ ಲೆಕ್ಕ. ಹನ್ನೆರಡು ಕಿಲೋ ತೂಕದ ಮಗುವಿಗೆ ಇದು 60 ಗ್ರಾಂ ಪೇಸ್ಟಿಗೆ ಸಮ. ನೂರು ಗ್ರಾಮಿನ ಟ್ಯೂಬಿನ ಅರ್ಧಕ್ಕಿಂತಲೂ ಹೆಚ್ಚು. ಬ್ರಶ್ಶಿನ ಮೇಲಿನ ತುತ್ತು ಪೇಸ್ಟು ಇದರ ಹತ್ತಿರಕ್ಕೂ ಸುಳಿಯದು.

ಅದಕ್ಕೂ ಕಡಿಮೆ ನುಂಗಿದಾಗ ಹೊಟ್ಟೆ ತೊಳಸುವುದು, ಹೊಟ್ಟೆನೋವು, ಒಂದೆರಡು ವಾಂತಿ ಕಾಣಬಹುದು. ಜಠರದ ಆಮ್ಲದೊಡನೆ ಸೇರಿದ ಫ್ಲೋರೈಡ್ ಒಳಪೊರೆಯನ್ನು ಕೆರಳಿಸುತ್ತದೆ. ಒಂದು ಲೋಟ ಹಾಲು ಕೊಟ್ಟರೆ ಅದರಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಒತ್ತಾಯದಿಂದ ವಾಂತಿ ಮಾಡಿಸುವುದು ಮಾತ್ರ ಬೇಡ. ಉಪ್ಪುನೀರಿನ ಹಳೆಯ ಮದ್ದೇ ಮಕ್ಕಳಿಗೆ ಪ್ರಾಣಾಂತಿಕವಾಗಬಲ್ಲದು.

ಒಮ್ಮೆ ನುಂಗಿದ್ದಕ್ಕಿಂತ ದಿನಾಲು ನುಂಗುವುದು ಬೇರೆಯೇ ವಿಷಯ. ಎಂಟು ವರ್ಷದೊಳಗೆ, ಶಾಶ್ವತ ಹಲ್ಲುಗಳ ಹೊರಕವಚ ದವಡೆಯೊಳಗೆ ಕಟ್ಟಿಕೊಳ್ಳುತ್ತಿರುವಾಗ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿಯ, ಮುಂದೆ ಕಂದು ಕಲೆಗಳು ಉಳಿಯುತ್ತವೆ. ಆದ್ದರಿಂದಲೇ ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟು ಸಾಕೆನ್ನುತ್ತಾರೆ. ಜಾಹೀರಾತಿನ ಚಿತ್ರದಲ್ಲಿ ಬ್ರಶ್ಶಿನ ಉದ್ದಕ್ಕೂ ಹರಡಿರುವ ಪೇಸ್ಟು ಮಾರಾಟಕ್ಕಾಗಿ, ಹಲ್ಲಿಗಾಗಿ ಅಲ್ಲ.

ಕೊಳವೆಬಾವಿಯನ್ನೇ ನಂಬಿದ ಬರದ ನಾಡಿನವರು ಇಲ್ಲಿ ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಎಂಬುದು ಮೇಲಿನ ಮಿತಿ. ಅಂಥ ನೀರನ್ನು ಮಗು ದಿನಕ್ಕೆ ಒಂದೇ ಲೀಟರ್ ಕುಡಿದರೂ ಆರು ಬಟಾಣಿ ಕಾಳಿನಷ್ಟು ಪೇಸ್ಟು ನುಂಗಿದ ಹಾಗಾಯಿತು. ಪಾವಗಡ, ಮುಂಡರಗಿಗಳಲ್ಲಿ ಹಲ್ಲು ಮೂಳೆಗಳನ್ನು ಕೆಡಿಸಿದ್ದು ಪೇಸ್ಟಲ್ಲ, ನೆಲದಾಳದ ನೀರು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಉಮದಿ, ಸಂಖ ಕಡೆಯ ಹಳ್ಳಿಗಳಲ್ಲಿ ಹೊಸ ಕೊಳವೆಬಾವಿ ಕೊರೆಸಿದವರು ನೀರು ಎಷ್ಟು ಇಂಚು ಬಿತ್ತೆಂದು ಕೇಳುವಷ್ಟೇ ಆಸಕ್ತಿಯಿಂದ ಪರೀಕ್ಷೆಯ ವರದಿಯನ್ನೂ ಕೇಳುವುದು ಒಳಿತು.

ಇನ್ನು ಎರಡನೆಯ ಪ್ರಶ್ನೆ. ಹಲ್ಲಿಗೆಂದು ಮನೆಯಲ್ಲಿರುವುದೆಲ್ಲ ಪೇಸ್ಟಲ್ಲ. ತಂಬಾಕನ್ನು ಸುಟ್ಟು ಪುಡಿಮಾಡಿದ ಮಿಶ್ರಿಯಿಂದ ಹಲ್ಲು ತಿಕ್ಕುವ ಹಿರಿಯರು ಈ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು 1992ರಲ್ಲಿಯೇ ನಿಷೇಧಿಸಿದರೂ ಮಿಶ್ರಿಯ ಡಬ್ಬಿ ಮಾಡದಿಂದ ಇಳಿದಿಲ್ಲ. ಅದರ ಒಂದು ಚಿಟಿಕೆ ಕೂಸಿನ ಬಾಯಿಗೆ ಹೋದರೆ ನಿಕೋಟಿನ್ ವಿಷವೇರುವ ಭಯವಿದೆ.

ಎಲ್ಲಕ್ಕಿಂತ ಘೋರವಾದುದು ಇಲಿಪಾಷಾಣದ ಪೇಸ್ಟು. ಅದೂ ಟ್ಯೂಬಿನಲ್ಲಿಯೇ ಬರುತ್ತದೆ, ಅದೇ ಮಾಡದಲ್ಲಿಯೇ ಕೂರುತ್ತದೆ. ಮುಂಬಯಿಯ ಧಾರಾವಿಯಲ್ಲಿ 2021ರ ಸಪ್ಟೆಂಬರದಲ್ಲಿ ಹದಿನೆಂಟರ ಯುವತಿಯೊಬ್ಬಳು ನಿದ್ದೆಗಣ್ಣಿನಲ್ಲಿ ಅದರಿಂದ ಹಲ್ಲುಜ್ಜಿ, ರುಚಿ ಬೇರೆಯೆನಿಸಿದೊಡನೆ ಬಾಯಿ ತೊಳೆದುಕೊಂಡರೂ ಕೆಲವು ದಿನಗಳಲ್ಲಿ ತೀರಿಕೊಂಡಳು. ಬೈದಾರೆಂಬ ಅಂಜಿಕೆಯಿಂದ ಆಕೆ ಮೊದಲು ಮನೆಯವರಿಗೆ ಹೇಳಿರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದ್ದವು. ಇಂಥ ಪೇಸ್ಟುಗಳಲ್ಲಿ ಇರುತ್ತಿದ್ದ ಹಳದಿ ರಂಜಕ ಯಕೃತ್ತನ್ನು ಹಾಳುಮಾಡುತ್ತದೆ. ಅದಕ್ಕೆ ನೇರವಾದ ಪ್ರತಿವಿಷವಿಲ್ಲ. ಮೊದಲಿನ ವಾಂತಿ ನಿಂತು ಒಂದೆರಡು ದಿನ ರೋಗಿ ಚೇತರಿಸಿದಂತೆ ತೋರುವುದೇ ಅದರ ಮೋಸ. ಮತ್ತೊಂದು ಮಾತು: ಹಲ್ಲಿನ ಪೇಸ್ಟಿಗೆ ಹಿತವಾದ ಹಾಲು ಇಲ್ಲಿ ಅಹಿತ. ಹಾಲು, ತುಪ್ಪ, ಎಣ್ಣೆಗಳ ಜಿಡ್ಡಿನಲ್ಲಿ ರಂಜಕ ಕರಗಿ ಬೇಗನೆ ರಕ್ತ ಸೇರುತ್ತದೆ.

ಹಾಗಾಗಿ ಹಾಲಿನ ಲೋಟಕ್ಕೆ ಕೈಚಾಚುವ ಮುನ್ನ ಟ್ಯೂಬನ್ನು ಓದಬೇಕು. ಇಲಿಪಾಷಾಣವೆಂಬ ಸಂಶಯ ತುಸುವಿದ್ದರೂ, ಮಗು ಆಡಿಕೊಂಡಿದ್ದರೂ, 108ಕ್ಕೆ ಕರೆಮಾಡಿ, ಟ್ಯೂಬನ್ನು ಜೊತೆಗೇ ಒಯ್ಯಬೇಕು. ಯಕೃತ್ತಿನ ಚಿಕಿತ್ಸೆಗೆ ಮಿರಜ ಅಥವಾ ವಿಜಯಪುರದ ದೊಡ್ಡ ದವಾಖಾನೆಗಳೇ ಗತಿಯಾದ್ದರಿಂದ ದಾರಿಯ ಹೊತ್ತನ್ನೂ ಎಣಿಸಿ ಹೊರಡಬೇಕು. ದಿಲ್ಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು 1800 116 117 ಎಂಬ ಉಚಿತ ಸಂಖ್ಯೆಯಲ್ಲಿ ಹಗಲಿರುಳು ಸಲಹೆ ನೀಡುತ್ತದೆ.