ಖಾಲಿ ಮಾಡಿ ಎನ್ನುವ ಮುನ್ನ ಬರೆಯಬೇಕಾದ ಪತ್ರ

ಕೆಳಗೆ ಎರಡು ಮಳಿಗೆ, ಮೇಲೆ ವಾಸದ ಮನೆ. ಬೆಂಗಳೂರಿರಲಿ, ದಾವಣಗೆರೆಯಿರಲಿ, ಯಾವ ಬಡಾವಣೆಗೆ ಹೋದರೂ ಇಂಥ ಕಟ್ಟಡ ಕಣ್ಣಿಗೆ ಬೀಳುತ್ತದೆ. ನಿವೃತ್ತಿಯಾದಾಗ ಕೈಗೆ ಬಂದ ಹಣ ಸುರಿದು ಕಟ್ಟಿಸಿದ ಮಳಿಗೆಯ ಬಾಡಿಗೆಯೇ ಎಷ್ಟೋ ಹಿರಿಯರಿಗೆ ತಿಂಗಳ ಖರ್ಚಿನ ಆಸರೆ. ಸ್ಟೇಷನರಿ ಅಂಗಡಿಗೆಂದು ಕೊಟ್ಟ ಜಾಗದಲ್ಲಿ ಆರು ತಿಂಗಳು ಕಳೆಯುವಷ್ಟರಲ್ಲಿ ಚಾಟ್ಸ್ ಶುರುವಾಗುತ್ತದೆ. ಒಂದಿದ್ದ ಸಿಲಿಂಡರ್ ಮೂರಾಗುತ್ತದೆ. ಹೊಗೆ ಹೋಗಲೆಂದು ಹಿಂದಿನ ಗೋಡೆಗೆ ತೂತು ಬೀಳುತ್ತದೆ. ಮಾಲೀಕರು ಮೆಟ್ಟಿಲಿಳಿದು ಬಂದು ಕೇಳಿದರೆ, ‘ಸರಿ ಮಾಡಿಸ್ತೀನಿ ಸಾರ್, ಈ ಸೀಸನ್ ಒಂದು ಮುಗೀಲಿ’ ಎಂಬ ಉತ್ತರ. ಹೀಗೇ ವರ್ಷ ಉರುಳುತ್ತದೆ. ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿ ಮಾಲೀಕರು ಶಟರ್‌ಗೆ ತಮ್ಮದೂ ಒಂದು ಬೀಗ ಜಡಿಯುತ್ತಾರೆ.

ತಪ್ಪು ಬಾಡಿಗೆದಾರನ ಕಡೆಯಿಂದ ಮಾಲೀಕರ ಕಡೆಗೆ ದಾಟುವುದು ಆ ಬೀಗ ಬಿದ್ದ ಗಳಿಗೆಯಲ್ಲೇ. ಕಾನೂನಿನ ದಾರಿ ಬಿಟ್ಟು ಬಲವಂತವಾಗಿ ಸ್ವಾಧೀನ ಕಿತ್ತುಕೊಂಡರೆ, ಆರು ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಪಡೆಯುವ ಅವಕಾಶವನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಕೊಡುತ್ತದೆ. ಆ ದಾವೆಯಲ್ಲಿ ಕಟ್ಟಡ ಯಾರದು ಎಂಬ ಪ್ರಶ್ನೆಯೇ ಮುಖ್ಯವಲ್ಲ. ಗೋಡೆ ಒಡೆದವನು ನೊಂದವನಾಗಿ ಕೋರ್ಟಿನಲ್ಲಿ ನಿಲ್ಲುತ್ತಾನೆ. ಸ್ವಂತ ಕಟ್ಟಡದವರು ಉತ್ತರ ಹೇಳಬೇಕಾಗುತ್ತದೆ.

ಬೀಗಕ್ಕೂ ಬಾಯಿಮಾತಿಗೂ ನಡುವೆ ಇನ್ನೊಂದು ದಾರಿಯಿದೆ. ಅದು ಲಿಖಿತ ನೋಟಿಸ್. ನಮ್ಮಲ್ಲಿ ನೋಟಿಸ್ ಎಂದರೆ ಜಗಳದ ಕೊನೆಯ ಹಂತ, ಸಂಬಂಧ ಕಡಿದುಕೊಳ್ಳುವ ಕಾಗದ ಎಂಬ ಭಾವನೆ ಬೇರೂರಿದೆ. ಕಾನೂನು ಅದನ್ನು ನೋಡುವ ಬಗೆಯೇ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ 1929ರಲ್ಲಿ ಸೇರಿದ 114ಎ ಕಲಂ ಓದಿದರೆ ಇದು ತಿಳಿಯುತ್ತದೆ. ಕರಾರಿನ ಷರತ್ತು ಮುರಿದದ್ದಕ್ಕೆ ಬಾಡಿಗೆ ಹಕ್ಕು ರದ್ದಾಯಿತೆಂದು ದಾವೆ ಹೂಡುವ ಮುನ್ನ ಮಾಲೀಕರು ಲಿಖಿತ ನೋಟಿಸ್ ಕೊಡಲೇಬೇಕು. ಯಾವ ಷರತ್ತು ಹೇಗೆ ಮುರಿದಿದೆ ಎಂದು ಅದರಲ್ಲಿ ನಿರ್ದಿಷ್ಟವಾಗಿ ಹೇಳಬೇಕು. ಸರಿಪಡಿಸಬಹುದಾದ ತಪ್ಪಾಗಿದ್ದರೆ ಸರಿಪಡಿಸಿ ಎಂದು ಕೇಳಬೇಕು. ನ್ಯಾಯವಾದ ಕಾಲಾವಕಾಶ ಕೊಟ್ಟ ಮೇಲೂ ಬಾಡಿಗೆದಾರ ಸುಮ್ಮನಿದ್ದರೆ ಮಾತ್ರ ದಾವೆ ನಿಲ್ಲುತ್ತದೆ. ತಪ್ಪು ತಿದ್ದಿಕೊಳ್ಳಲು ಅವಕಾಶ ಕೊಡುವ ಕಾಗದ ಅದು. ಮಾಲೀಕರೂ ಅದನ್ನು ಹಾಗೆಯೇ ಬರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ರಕ್ಷಣೆ ಎಲ್ಲ ತಪ್ಪಿಗೂ ಇಲ್ಲ. ಮಳಿಗೆಯನ್ನು ಇನ್ನೊಬ್ಬರಿಗೆ ಒಳಬಾಡಿಗೆ ಕೊಡಬಾರದು, ವಹಿಸಿಕೊಡಬಾರದು ಎಂಬ ಸ್ಪಷ್ಟ ಷರತ್ತು ಮುರಿದರೆ 114ಎ ನೆರವಿಗೆ ಬರುವುದಿಲ್ಲ. ಬಾಡಿಗೆ ಬಾಕಿಯ ವಿಷಯವೂ ಅದರ ಹೊರಗೆ. ಬಾಕಿಗೆ 114ನೇ ಕಲಂ ಬೇರೆಯೇ ದಾರಿ ತೋರಿಸುತ್ತದೆ: ದಾವೆಯ ವಿಚಾರಣೆ ವೇಳೆ ಬಾಕಿಯನ್ನು ಬಡ್ಡಿ ಹಾಗೂ ಖರ್ಚಿನ ಸಮೇತ ಕಟ್ಟಿದರೆ, ಇಲ್ಲವೇ 15 ದಿನದೊಳಗೆ ಕಟ್ಟುವುದಾಗಿ ಕೋರ್ಟ್ ಒಪ್ಪುವಂಥ ಭದ್ರತೆ ಕೊಟ್ಟರೆ, ಬಾಡಿಗೆದಾರನನ್ನು ಉಳಿಸಿಕೊಳ್ಳುವ ವಿವೇಚನೆ ನ್ಯಾಯಾಲಯಕ್ಕಿದೆ.

ಹಾಗಾದರೆ ನೋಟಿಸ್ ಹೇಗಿರಬೇಕು? ‘ನೀವು ಕರಾರಿನ ಷರತ್ತುಗಳನ್ನು ಉಲ್ಲಂಘಿಸಿದ್ದೀರಿ, ಕೂಡಲೇ ಖಾಲಿ ಮಾಡತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ’ ಎಂದು ಬರೆದ ಕಾಗದಕ್ಕೆ ಬೆದರಿಕೆಯ ದನಿಯಿದೆ, ಹುರುಳಿಲ್ಲ. ಯಾವ ಷರತ್ತು, ಏನು ತಪ್ಪು, ಏನು ಮಾಡಿದರೆ ಸರಿಹೋಗುತ್ತದೆ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿಲ್ಲ. ಅದೇ ವಿಷಯವನ್ನು ಹೀಗೆ ಬರೆಯಬಹುದು: ‘ಕರಾರಿನ 7ನೇ ಷರತ್ತಿನಂತೆ ಮಳಿಗೆಯನ್ನು ಸ್ಟೇಷನರಿ ವ್ಯಾಪಾರಕ್ಕೆ ಮಾತ್ರ ಬಳಸಬೇಕು. ನೀವು ಅಲ್ಲಿ ಒಲೆ ಹಾಗೂ ಮೂರು ಗ್ಯಾಸ್ ಸಿಲಿಂಡರ್ ಇಟ್ಟು ತಿಂಡಿ ತಯಾರಿಸುತ್ತಿದ್ದೀರಿ. 9ನೇ ಷರತ್ತಿಗೆ ವಿರುದ್ಧವಾಗಿ, ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ, ಹಿಂದಿನ ಗೋಡೆಯನ್ನು ಒಂದೂವರೆ ಅಡಿ ಅಗಲ ಒಡೆದು ಹೊಗೆಕೊಳವೆ ಕೂರಿಸಿದ್ದೀರಿ. ಈ ನೋಟಿಸ್ ತಲುಪಿದ 30 ದಿನದೊಳಗೆ ಅಡುಗೆ ನಿಲ್ಲಿಸಿ, ಸಿಲಿಂಡರ್ ತೆರವು ಮಾಡಿ, ಗೋಡೆಯನ್ನು ಮೊದಲಿದ್ದಂತೆ ಕಟ್ಟಿಸಿಕೊಡಿ.’ ಜೊತೆಗೆ ತಾರೀಖು ಕಾಣುವ ಫೋಟೊ ಲಗತ್ತಿಸಿದರೆ ಮುಂದೆ ವಾದಕ್ಕೆ ಎಡೆ ಕಡಿಮೆ. ಇಲ್ಲಿ ಬೈಗುಳವಿಲ್ಲ, ಹಳೆಯ ದೂರುಗಳ ಕಂತೆಯಿಲ್ಲ. ಓದಿದ ಅಂಗಡಿಯವನಿಗೆ ನಾಳೆ ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಬೇಕೆಂದು ಗೊತ್ತಾಗುತ್ತದೆ.

ಕಾಲಾವಕಾಶ ಎಷ್ಟೆಂದು 114ಎ ದಿನಗಳನ್ನು ಹೇಳಿಲ್ಲ. ಫಲಕ ತೆಗೆಯಲು ವಾರ ಸಾಕು; ಗೋಡೆ ಕಟ್ಟಿಸಲು ಸಾಲದು. ಬಾಡಿಗೆದಾರನ ಕೃತ್ಯದಿಂದ ಕಟ್ಟಡ ಕೆಟ್ಟಿದ್ದರೆ, ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಅವನು ದುರಸ್ತಿ ಮಾಡಿಸಬೇಕೆಂದು 108ನೇ ಕಲಂ ಹೇಳುತ್ತದೆ. ಕರಾರಿನಲ್ಲೇ ದಿನಗಳ ಲೆಕ್ಕ ಬರೆದಿದ್ದರೆ ಅದನ್ನು ಪಾಲಿಸಬೇಕು.

ಮಾಲೀಕರು ಹೆಚ್ಚಾಗಿ ಎಡವುವುದು ಪತ್ರದಲ್ಲಲ್ಲ, ಬಾಡಿಗೆ ತೆಗೆದುಕೊಳ್ಳುವಲ್ಲಿ. ಷರತ್ತು ಮುರಿದದ್ದು ಗೊತ್ತಿದ್ದೂ ಆ ನಂತರದ ಬಾಡಿಗೆ ಸ್ವೀಕರಿಸಿದರೆ, ಆ ತಪ್ಪನ್ನು ಮನ್ನಿಸಿದಂತೆ ಎಂದು 112ನೇ ಕಲಂ ಹೇಳುತ್ತದೆ. ಹಿಂದೆ ರಸೀದಿ ಪುಸ್ತಕದಲ್ಲಿ ಸಹಿ ಹಾಕುವಾಗಲಾದರೂ ಒಂದು ಕ್ಷಣ ಯೋಚಿಸುತ್ತಿದ್ದರು. ಈಗ ತಿಂಗಳ 5ನೇ ತಾರೀಖು ಫೋನ್‌ಪೇಯಲ್ಲಿ ಹಣ ತಾನಾಗಿ ಬಂದು ಬೀಳುತ್ತದೆ. ವರ್ಷವಿಡೀ ಹಾಗೆ ಬಂದ ಹಣ ಇಟ್ಟುಕೊಂಡವರು, ಗೋಡೆ ಒಡೆದದ್ದಕ್ಕೆ ಹಕ್ಕು ರದ್ದು ಎಂದು ವಾದಿಸಲು ಹೊರಟರೆ ಎದುರು ವಕೀಲರು ಮೊದಲು ತೆಗೆಯುವುದು ಬ್ಯಾಂಕ್ ಸ್ಟೇಟ್‌ಮೆಂಟನ್ನು. ದಾವೆ ಹೂಡಿದ ಮೇಲೆ ಪಡೆದ ಬಾಡಿಗೆಗೆ ಈ ತೊಡಕಿಲ್ಲ. ನಮ್ಮ ಹಕ್ಕಿಗೆ ಬಾಧೆಯಿಲ್ಲದೆ ಹಣ ಪಡೆದಿದ್ದೇವೆ ಎಂದು ಬರೆದು ತಿಳಿಸುವ ವಾಡಿಕೆಯಿದೆ. ಅದೊಂದೇ ಸಾಕೆಂದು ನಂಬಿ ಕೂರಬಾರದು. ತಪ್ಪು ಕಂಡ ತಿಂಗಳೇ ಬರೆಯುವುದು ಎಲ್ಲಕ್ಕಿಂತ ಸುರಕ್ಷಿತ.

ತಪ್ಪು ಸರಿಪಡಿಸಿ ಎಂಬ ಈ ನೋಟಿಸ್ ಬೇರೆ, ಬಾಡಿಗೆ ಕೊನೆಗೊಳಿಸುವ 106ನೇ ಕಲಮಿನ ನೋಟಿಸ್ ಬೇರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲೆಂದೇ 11 ತಿಂಗಳ ಕರಾರು ರೂಢಿಗೆ ಬಂದದ್ದು. ಅವಧಿ ಮುಗಿದ ಮೇಲೂ ಮಾಲೀಕರ ಒಪ್ಪಿಗೆಯಿಂದ ಮುಂದುವರಿದ ಸಾಮಾನ್ಯ ಅಂಗಡಿಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ. ಅದಕ್ಕೆ 15 ದಿನದ ನೋಟಿಸ್ ಸಾಕು, ತಪ್ಪು ತೋರಿಸಬೇಕಾಗಿಯೂ ಇಲ್ಲ. ತಯಾರಿಕಾ ಘಟಕಕ್ಕೆ ಕೊಟ್ಟ ಜಾಗವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಆರು ತಿಂಗಳು. ಈ ಗಡುವು ನೋಟಿಸ್ ತಲುಪಿದ ದಿನದಿಂದ ಎಣಿಕೆ ಎಂಬುದು 2003ರ ತಿದ್ದುಪಡಿಯಿಂದ ಸ್ಪಷ್ಟವಾಯಿತು.

ನೋಟಿಸ್ ಬರೆದು ಸಹಿ ಹಾಕಿ ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು. ಎರಡೂ ಆಗದಿದ್ದರೆ ಮಳಿಗೆಯ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ಅಂಗಡಿ, ಮನೆ ಎರಡೂ ವಿಳಾಸಕ್ಕೆ ಕಳಿಸುವುದು ಜಾಣತನ. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾ ಹೊತ್ತು ಹಿಂತಿರುಗಿದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ. ನಿರಾಕರಿಸಿದರೂ ತಲುಪಿದಂತೆಯೇ ಎಂದು ಕೋರ್ಟುಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ. ಆ ಲಕೋಟೆಯೇ ಸಾಕ್ಷಿ.

14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡ ವಾಣಿಜ್ಯ ಮಳಿಗೆಗೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯಿಸುವುದಿಲ್ಲ; ಮೇಲಿನ ಮಾತೆಲ್ಲ ಅಂಥ ಮಳಿಗೆಗಳದ್ದು. ಅದಕ್ಕಿಂತ ಚಿಕ್ಕ ಅಂಗಡಿ ಆ ಕಾಯ್ದೆಯ ವ್ಯಾಪ್ತಿಗೆ ಬಂದರೆ, ತೆರವಿಗೆ ಅದರ 27ನೇ ಕಲಮಿನ ಕಾರಣಗಳೇ ಬೇಕು. ಅಲ್ಲಿ ಬಾಕಿ ಕಟ್ಟಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಯಾವ ಕಾಯ್ದೆ ಎಂದು ತಿಳಿಯಲು ಟೇಪು ಹಿಡಿದು ಅಳೆಯುವುದು ಮೊದಲ ಕೆಲಸ.

ಅಂಗಡಿ ನಡೆಸುವವರಿಗೂ ಒಂದು ಮಾತು. ನೋಟಿಸ್ ಬಂದರೆ ಗಲ್ಲಾಪೆಟ್ಟಿಗೆಯ ಅಡಿಗೆ ತಳ್ಳಬೇಡಿ. ತಪ್ಪಿದ್ದರೆ ಸರಿಪಡಿಸಿ, ಸರಿಪಡಿಸಿದ್ದನ್ನು ಫೋಟೊ ಸಮೇತ ಬರೆದು ತಿಳಿಸಿ. ತಪ್ಪಿಲ್ಲದಿದ್ದರೆ ಅದನ್ನೂ ಬರೆಯಿರಿ. ಮೌನವಾಗಿದ್ದರೆ ಒಪ್ಪಿಕೊಂಡಂತೆ ಎಂದು ಮುಂದೆ ವಾದ ಬರುತ್ತದೆ.

ಮಾಲೀಕರು ಇಂದೇ ಕರಾರು ಪತ್ರ ತೆಗೆದು ಒಂದು ಸಾಲು ಹುಡುಕಲಿ: ಷರತ್ತು ಮುರಿದರೆ ಮಾಲೀಕರು ಮಳಿಗೆಯನ್ನು ಮರಳಿ ವಶಕ್ಕೆ ಪಡೆಯಬಹುದು ಎಂಬ ಸಾಲು. ಅದಿಲ್ಲದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಮಿನಡಿ ಷರತ್ತು ಮುರಿದ ಕಾರಣಕ್ಕೆ ಬಾಡಿಗೆ ಹಕ್ಕು ರದ್ದುಪಡಿಸಲು ಬರುವುದಿಲ್ಲ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗಳಲ್ಲಿ ಅದು ಬಿಟ್ಟುಹೋಗಿರಬಹುದು. ನಿಮ್ಮ ಪತ್ರದಲ್ಲಿ ಇಲ್ಲವಾದರೆ, ಮುಂದಿನ ನವೀಕರಣದಲ್ಲಿ ವಕೀಲರಿಂದ ಬರೆಸಿ ಸೇರಿಸಿಕೊಳ್ಳಿ.