ಫಿಲ್ಟರ್ ಮನೆ ನಿಂತರೆ ಏನಾಗುತ್ತೆ?

ನಮ್ಮೂರ ಫಿಲ್ಟರ್ ಮನೆ ನಿಮಗೆಲ್ಲ ಗೊತ್ತೇ ಇದೆ. ಅದರ ಸರಿಯಾದ ಹೆಸರು ಶುದ್ಧ ಕುಡಿಯುವ ನೀರಿನ ಘಟಕ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಹೋದ ಬೇಸಿಗೆಯಲ್ಲಿ ಅದು ಎರಡು ತಿಂಗಳು ಕೆಟ್ಟು ನಿಂತಿತ್ತು. ಆಗ ಎಲ್ಲರೂ ಮತ್ತೆ ಬೋರ್ ನೀರನ್ನೇ ಕುಡಿದೆವು. "ಕಾಯಿಸಿ ಕುಡಿದರೆ ಆಯ್ತು ಬಿಡೋ" ಅಂತ ನಮ್ಮಜ್ಜಿ ಅಂದರು. ಊರಲ್ಲಿ ಬಹಳ ಜನ ಹಾಗೇ ಹೇಳುತ್ತಾರೆ. ಆದರೆ ಕಾಯಿಸಿದರೆ ಹೋಗದೇ ಇರುವುದು ಒಂದು ನೀರಲ್ಲಿದೆ. ಅದೇ ಫ್ಲೋರೈಡು.

ನೀರಿನ ಕೆಡುಕು ಎರಡು ಥರ. ಒಂದಕ್ಕೆ ಜೀವ ಇದೆ, ಅಂದರೆ ರೋಗಾಣು. ವಾಂತಿ ಭೇದಿ, ಟೈಫಾಯ್ಡ್ ಬರುವುದು ಇದರಿಂದ. ಇವು ಚೆನ್ನಾಗಿ ಕುದಿಸಿದರೆ ಸಾಯುತ್ತವೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದೂ ಇದಕ್ಕೇ. ಇನ್ನೊಂದಕ್ಕೆ ಜೀವ ಇಲ್ಲ. ಅದು ಉಪ್ಪಿನ ಹಾಗೆ ನೀರಲ್ಲಿ ಕರಗಿರುತ್ತೆ. ಜೀವವೇ ಇಲ್ಲದ್ದನ್ನು ಸಾಯಿಸುವುದು ಹೇಗೆ? ಸಾರು ಜಾಸ್ತಿ ಕುದ್ದರೆ ಉಪ್ಪಾಗುತ್ತಲ್ಲ, ಹಾಗೆಯೇ ನೀರು ಕುದ್ದು ಆವಿಯಾದಷ್ಟೂ ಉಳಿದ ನೀರಲ್ಲಿ ಫ್ಲೋರೈಡು ಗಟ್ಟಿಯಾಗುತ್ತೆ.

ಇದನ್ನು ಯಾರೂ ತಂದು ಹಾಕಿದ್ದಲ್ಲ. ಭೂಮಿ ಒಳಗಿನ ಕಲ್ಲಿನಿಂದಲೇ ಬರುತ್ತೆ. ಮಳೆ ಮೋಡ ಬಾಬಾಬುಡನ್‌ಗಿರಿ ಕಡೆಯೇ ಸುರಿದು ಖಾಲಿಯಾಗಿ, ನಮ್ಮ ಕಡೂರು ಕಡೆಗೆ ಬರುವಷ್ಟರಲ್ಲಿ ಹನಿ ಹಾಕಿ ಹೋಗುತ್ತೆ. ಕೆರೆ ತುಂಬಲ್ಲ, ಬಾವಿ ಬತ್ತುತ್ತೆ, ಬೋರ್ ಇನ್ನೂ ಆಳಕ್ಕೆ ಹೋಗುತ್ತೆ. ಆಳದ ನೀರು ಬಹಳ ಕಾಲ ಕಲ್ಲಿನ ಸಂದಿಯಲ್ಲೇ ಇದ್ದದ್ದು. ಎಲ್ಲ ಬೋರಲ್ಲೂ ಫ್ಲೋರೈಡು ಜಾಸ್ತಿ ಇರುತ್ತೆ ಅಂತಲ್ಲ, ಪಕ್ಕ ಪಕ್ಕದ ಬೋರಲ್ಲೇ ವ್ಯತ್ಯಾಸ ಇರಬಹುದು. ಒಂದು ಲೀಟರ್ ನೀರಲ್ಲಿ 1 ಮಿಲಿಗ್ರಾಂ ತನಕ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ, ಅದಕ್ಕಿಂತ ಜಾಸ್ತಿ ಕೂಡದು ಎಂದು ಭಾರತೀಯ ಮಾನಕ ಹೇಳುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಇದು ಗೊತ್ತಾಗಲ್ಲ.

ಗೊತ್ತಾಗುವುದು ಹಲ್ಲಿನಲ್ಲಿ. ಮೊದಲು ಬಿಳಿ ಗೆರೆ, ಜಾಸ್ತಿಯಾದರೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗಲ್ಲ, ಯಾಕೆಂದರೆ ಅದು ಹಲ್ಲಿನ ಮೇಲಿನ ಕೊಳೆ ಅಲ್ಲ, ಹಲ್ಲು ತಯಾರಾಗುವಾಗಲೇ ಸೇರಿದ್ದು. ವಿಜ್ಞಾನದ ಮೇಷ್ಟ್ರು ಇದನ್ನು ಹೇಳಿದಾಗ ನನಗೆ ನನ್ನ ತಮ್ಮ ನೆನಪಾದ. ಅವನು ಇನ್ನೂ ಅಂಗನವಾಡಿಗೆ ಹೋಗುತ್ತಾನೆ, ಹಾಲು ಹಲ್ಲು. ಆದರೆ ಆಮೇಲೆ ಬರುವ ಹಲ್ಲು ಈಗಲೇ ವಸಡಿನೊಳಗೆ ತಯಾರಾಗುತ್ತಾ ಇರುತ್ತಂತೆ. ಹೆಚ್ಚುಕಡಿಮೆ ಎಂಟು ವರ್ಷದ ತನಕ ಕುಡಿದ ನೀರೇ ಮುಂದಿನ ಹಲ್ಲನ್ನು ತೀರ್ಮಾನ ಮಾಡುತ್ತೆ. ಫಿಲ್ಟರ್ ಮನೆ ಎರಡು ತಿಂಗಳು ನಿಂತಾಗ ದೊಡ್ಡವರು ಕ್ಯಾನ್ ಹೊರುವ ಕೆಲಸ ತಪ್ಪಿತು ಅಂದುಕೊಂಡರು, ಅಷ್ಟೆ. ಚಿಕ್ಕವರ ಲೆಕ್ಕ ಬೇರೆ. ತುಂಬಾ ಜಾಸ್ತಿ ಇರುವ ನೀರನ್ನು ಎಷ್ಟೋ ವರ್ಷ ಕುಡಿದರೆ ದೊಡ್ಡವರಿಗೂ ಮೂಳೆ, ಕೀಲು ಬಿಗಿಯುತ್ತೆ.

ಈಗ ಯಂತ್ರದ ವಿಷಯ. ನೀರಗಂಟಿ ಅಣ್ಣ ಒಂದು ದಿನ ಬಾಗಿಲು ತೆಗೆದು ತೋರಿಸಿದರು. ಬೋರ್ ನೀರು ಮೊದಲು ಮರಳಿನ ಟ್ಯಾಂಕಿಗೆ ಹೋಗಿ ಮಣ್ಣು, ತುಕ್ಕು ಬಿಡುತ್ತೆ. ಆಮೇಲೆ ಇದ್ದಿಲಿನ ಟ್ಯಾಂಕು. ಇದ್ದಿಲು ಬ್ಲೀಚಿಂಗಿನ ಕ್ಲೋರಿನ್ ಹೀರಿಕೊಳ್ಳುತ್ತೆ, ಇಲ್ಲದಿದ್ದರೆ ಮುಂದಿನ ಮೆಂಬ್ರೇನ್ ಹಾಳಾಗುತ್ತೆ. ಆಮೇಲೆ ಬಿಳಿ ಕ್ಯಾಂಡಲ್ಲು. ಅಲ್ಲಿಂದ ಪಂಪು ಜೋರಾಗಿ ಒತ್ತಿ ನೀರನ್ನು ಮೆಂಬ್ರೇನ್ ಒಳಗೆ ನುಗ್ಗಿಸುತ್ತೆ. ಅದು ಸುರುಳಿ ಸುತ್ತಿದ ತೆಳು ಹಾಳೆ. ನೀರು ಹಾಳೆಯಿಂದ ಆಚೆ ಹೋಗುತ್ತೆ, ಉಪ್ಪು, ಫ್ಲೋರೈಡು ಬಹುಪಾಲು ಈಚೆಯೇ ಉಳಿಯುತ್ತೆ. ಉಳಿದದ್ದನ್ನು ಇನ್ನೊಂದು ಪೈಪಿನಲ್ಲಿ ಹೊರಗೆ ಬಿಡುತ್ತಾರೆ. ಚರಂಡಿಗೆ ಹರಿಯುತ್ತಲ್ಲ, ಅದೇ. ಅದನ್ನು ದನಕ್ಕೆ ಕುಡಿಸಬೇಡಿ, ಗಾಡಿ ತೊಳೆಯಲು ಆಗುತ್ತೆ.

ನನಗೆ ಆಶ್ಚರ್ಯ ಆಗಿದ್ದು ಏನೆಂದರೆ, ಯಂತ್ರ ಪೂರ್ತಿ ನಿಲ್ಲುವುದಕ್ಕಿಂತ ಅರ್ಧ ಕೆಟ್ಟು ಓಡುವುದೇ ಮೋಸ. ನಿಂತರೆ ಎಲ್ಲರಿಗೂ ಕಾಣುತ್ತೆ. ಆದರೆ ಮೆಂಬ್ರೇನ್ ಹಳೆಯದಾದರೆ ನೀರು ಬರುತ್ತಲೇ ಇರುತ್ತೆ, ಕಾಯಿನ್ ಬೀಳುತ್ತಲೇ ಇರುತ್ತೆ, ಫ್ಲೋರೈಡು ಮಾತ್ರ ಜಾರಿಕೊಂಡು ಬರುತ್ತೆ. ಟಿಡಿಎಸ್ ಮೀಟರ್ ಅದ್ದಿದರೆ ಒಟ್ಟು ಉಪ್ಪು ಏರಿದ್ದು ಗೊತ್ತಾಗುತ್ತೆ, ಅದರಲ್ಲಿ ಫ್ಲೋರೈಡು ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಕ್ಯಾಂಡಲ್ ಯಾವಾಗ ಬದಲಾಯಿಸಿದ್ದು, ಪರೀಕ್ಷೆ ಯಾವಾಗ ಮಾಡಿದ್ದು ಎಂದು ಗೋಡೆ ಮೇಲೆ ಬರೆದಿಟ್ಟರೆ ನಾವೇ ಓದಿಕೊಳ್ಳಬಹುದು. ಈಗ ಅಲ್ಲಿ ಸಿನಿಮಾ ಪೋಸ್ಟರ್ ಇದೆ.

ಇನ್ನೊಂದು ಮಾತು ಅಮ್ಮಂದಿರಿಗೆ. ಕುಡಿಯಲು ಫಿಲ್ಟರ್ ನೀರು, ಮುದ್ದೆಗೆ, ಸಾರಿಗೆ ನಲ್ಲಿ ನೀರು ಅಂತ ಎಷ್ಟೋ ಮನೆಯಲ್ಲಿ ಮಾಡುತ್ತಾರೆ. ಮುದ್ದೆ ಒಳಗಿನ ನೀರೂ ಹೊಟ್ಟೆಗೇ ಹೋಗುತ್ತೆ.

ಭದ್ರಾ ನೀರು ಬಂದರೆ ಇದೆಲ್ಲ ಬೇಡ ಅನ್ನುತ್ತಾರೆ. ಡ್ಯಾಂ ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅಲ್ಲಿಂದ ತರೀಕೆರೆ, ಅಜ್ಜಂಪುರ, ಕಡೂರು ಕಡೆಗೆ ಕುಡಿಯುವ ನೀರು ತರುವ ಕೆಲಸ ಕೈಗೆತ್ತಿಕೊಂಡಿದ್ದಾರೆ. 2025ರಲ್ಲಿ ಬಲದಂಡೆ ನಾಲೆ ಹತ್ತಿರದ ಕೆಲಸಕ್ಕೆ ದಾವಣಗೆರೆ ಕಡೆಯ ರೈತರು ವಿರೋಧ ಮಾಡಿದ್ದರು, ಅವರಿಗೂ ಗದ್ದೆಗೆ ನೀರಿನ ಚಿಂತೆ. ಹೊಳೆ ನೀರಲ್ಲಿ ಸಾಮಾನ್ಯವಾಗಿ ಫ್ಲೋರೈಡು ಕಡಿಮೆ, ಆದರೆ ಮಣ್ಣು, ರೋಗಾಣು ಜಾಸ್ತಿ. ಪಟಿಕ ಹಾಕಿ ತಿಳಿಯಾಗಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಬೇಕು. ಬೇಸಿಗೆಯಲ್ಲಿ ನೀರು ಸಾಲದೆ ಅದೇ ಟ್ಯಾಂಕಿಗೆ ಬೋರ್ ನೀರು ಸೇರಿಸಿದರೆ ಮತ್ತೆ ಫ್ಲೋರೈಡು ಬಂತು.

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ 5 ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದು ಇದೆ. ನಮ್ಮೂರಲ್ಲಿ ಕಲಿತ ಅಕ್ಕ ಒಬ್ಬರು ಕಿಟ್ ತರಲು ಒಪ್ಪಿದ್ದಾರೆ. ಬರುವ ಶನಿವಾರ ಫಿಲ್ಟರ್ ಮನೆ, ಶಾಲೆ ನಲ್ಲಿ, ಅಂಗನವಾಡಿ ಕೊಡ, ಈ ಮೂರು ಕಡೆಯಿಂದ ಒಂದೊಂದು ಬಾಟಲಿ ತೆಗೆದುಕೊಂಡು ಹೋಗುತ್ತೇವೆ. ಬಂದ ಅಂಕಿಯನ್ನು ಇದೇ ಗೋಡೆಗೆ ಹಾಕುತ್ತೇವೆ.